ಗಾಜಿನ ನಳಿಕೆಯನ್ನು ನಂಬಿ ಕೊಳಕುಮಂಡಲದ ಕಡಿತ ನಿಭಾಯಿಸಿದ್ದು

ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು (ಪಿ.ಟಿ., ಐ.ಎನ್.ಆರ್.) ಅಳೆಯುವ ಯಂತ್ರವಿಲ್ಲದ ತಾಲ್ಲೂಕು ಆಸ್ಪತ್ರೆಯಲ್ಲಿ ಕೊಳಕುಮಂಡಲ ಹಾವು ಕಚ್ಚಿದವರನ್ನು ಇಟ್ಟುಕೊಳ್ಳಬಾರದು, ಎ.ಎಸ್.ವಿ. ಎಂಬ ಪ್ರತಿವಿಷದ ಮೊದಲ ಡೋಸ್ ಕೊಟ್ಟು ಜಿಲ್ಲಾ ಕೇಂದ್ರಕ್ಕೆ ಕಳುಹಿಸಿಬಿಡಬೇಕು ಎಂಬುದು ನಾನು ಕೆಲಸಕ್ಕೆ ಸೇರಿದಾಗ ನಮ್ಮಲ್ಲಿದ್ದ ರೂಢಿ. ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಹೆಪ್ಪುಗಟ್ಟದಿದ್ದರೆ ವಿಷವೇರಿದೆ ಎಂದು ತಿಳಿಯುವ ನಳಿಕೆ ಪರೀಕ್ಷೆಯೊಂದನ್ನೇ ಆಧಾರವಾಗಿಟ್ಟುಕೊಂಡು ಬಹುಪಾಲು ರೋಗಿಗಳ ಚಿಕಿತ್ಸೆಯನ್ನು ಇಲ್ಲಿಯೇ ಮುಗಿಸಬಹುದು ಎಂದಾಗ ಹಿರಿಯರು ನಕ್ಕಿದ್ದರು. ಈಗ ಅವರಲ್ಲೇ ಇಬ್ಬರು ರಾತ್ರಿ ಹೊತ್ತು ಫೋನ್ ಮಾಡಿ ಸಲಹೆ ಕೇಳುತ್ತಾರೆ.

ಮೊದಲ ಮಳೆಗಾಲ ಕೆಟ್ಟದಾಗಿಯೇ ಹೋಯಿತು. ವಸಡಿನಲ್ಲಿ ರಕ್ತವಿಲ್ಲ, ಮೂತ್ರ ತಿಳಿಯಾಗಿದೆ, ಕಚ್ಚಿದ ಜಾಗ ಊದಿಲ್ಲ; ಆದರೂ ನಳಿಕೆಯನ್ನು ಓರೆ ಮಾಡಿದರೆ ರಕ್ತ ಸಲೀಸಾಗಿ ಹರಿದುಬಿಡುತ್ತಿತ್ತು. ಅಂಥವರಿಗೂ ತಲಾ ಹತ್ತು ವಯಲ್ ಎ.ಎಸ್.ವಿ. ಹೋಯಿತು. ವಯಲ್‌ಗೆ 500 ರೂಪಾಯಿಯ ಆಸುಪಾಸು ಹಿಡಿದರೂ ಎಲ್ಲರದೂ ಸೇರಿ ಇಪ್ಪತ್ತೈದು, ಮೂವತ್ತು ಸಾವಿರ ವ್ಯರ್ಥ. ಕಾರಣವಿದ್ದದ್ದು ಲ್ಯಾಬಿನ ಸಿಂಕಿನಲ್ಲಿ: ಡಿಟರ್ಜೆಂಟ್‌ನಲ್ಲಿ ತೊಳೆದು ಮರುಬಳಸುತ್ತಿದ್ದ ನಳಿಕೆಗಳು. ನನ್ನದೇ ರಕ್ತವನ್ನು ತಲಾ 2 ಮಿ.ಲೀ.ನಂತೆ ಹೊಸ ಗಾಜು, ತೊಳೆದ ಗಾಜು, ಪ್ಲಾಸ್ಟಿಕ್ ಮೂರಕ್ಕೂ ಹಾಕಿ ನೋಡಿದೆ. ಹೊಸ ಗಾಜಿನಲ್ಲಿ ಹತ್ತು ನಿಮಿಷದೊಳಗೆ ಗಟ್ಟಿ ಹೆಪ್ಪು, ತೊಳೆದದ್ದರಲ್ಲಿ 20 ನಿಮಿಷ ಕಳೆದರೂ ದ್ರವ, ಪ್ಲಾಸ್ಟಿಕ್‌ನಲ್ಲಿ ಅರೆಬರೆ. ಅಂದಿನಿಂದ ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ಹೊಸ ನಳಿಕೆಗಳನ್ನೇ ತರಿಸಿ ಬೀಗದಲ್ಲಿಡುತ್ತೇನೆ. ಒಂದೊಂದಕ್ಕೆ ಕೆಲವೇ ರೂಪಾಯಿ. ಪ್ರತಿ ಪರೀಕ್ಷೆಯ ಪಕ್ಕದಲ್ಲಿ ಹೋಲಿಕೆಗೆಂದು ಜೊತೆಗೆ ಬಂದವರೊಬ್ಬರ ರಕ್ತದ ನಳಿಕೆಯೂ ನಿಂತಿರುತ್ತದೆ.

ಎರಡನೆಯ ಜಗಳ ಗಡಿಯಾರದೊಂದಿಗೆ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟಿಸುವ ಹತ್ತನೆಯ ಮತ್ತು ಐದನೆಯ ಅಂಶಗಳನ್ನು ಕೆರಳಿಸಿ, ಹೆಪ್ಪಿನ ಕಚ್ಚಾವಸ್ತುವಾದ ಫೈಬ್ರಿನೊಜೆನ್ ಅನ್ನು ಖಾಲಿ ಮಾಡಿರುತ್ತದೆ, ಎ.ಎಸ್.ವಿ. ವಿಷವನ್ನು ತಡೆದೀತೇ ಹೊರತು ಫೈಬ್ರಿನೊಜೆನ್ ತಯಾರಿಸಿಕೊಡುವುದಿಲ್ಲ. ಅದು ಯಕೃತ್ತಿನ ಕೆಲಸ, ಅದಕ್ಕೆ ಆರು ಗಂಟೆಯಾದರೂ ಬೇಕು. ಗಂಟೆಗೊಮ್ಮೆ ನಳಿಕೆ ನೋಡಿ ಗಾಬರಿಯಿಂದ ವಯಲ್ ಏರಿಸುವುದನ್ನು ನಿಲ್ಲಿಸಿದ ಮೇಲೆ ನಮ್ಮ ಬಳಕೆ ಸುಮಾರು ಮೂರನೇ ಒಂದು ಭಾಗ ಇಳಿಯಿತು. ಎ.ಎಸ್.ವಿ.ಯ ಅಲರ್ಜಿ ತಡೆಯಲು ಅದಕ್ಕೆ ಮುಂಚೆ ಚರ್ಮದಡಿ 0.25 ಮಿ.ಗ್ರಾಂ. ಅಡ್ರಿನಲಿನ್ ತಪ್ಪಿಸುವುದಿಲ್ಲ. ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್‌ನ ಮಾತೇ ಬೇಡ. ಎ.ಎಸ್.ವಿ.ಗೆ ಮೊದಲು, ಹೆಪ್ಪಿನ ಅಂಶಗಳಿರುವ ಪ್ಲಾಸ್ಮಾ ಕೊಡುವುದು ಉರಿಯುವ ಒಲೆಗೆ ಸೌದೆ ಒಟ್ಟಿದಂತೆ. ಆಮೇಲೆ ಕೆಲವರಿಗೆ ಕೊಟ್ಟು ನೋಡಿದಾಗ ಹೆಪ್ಪು ಬೇಗ ಮರಳಿತು, ಆದರೆ ಮನೆಗೆ ಹೋದ ದಿನದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೂತ್ರ ಕಡಿಮೆಯಾದವರನ್ನು ಈಗಲೂ ಡಯಾಲಿಸಿಸ್ ಇರುವಲ್ಲಿಗೇ ಕಳುಹಿಸುತ್ತೇನೆ.

ಅಡಿಕೆ ತೋಟಗಳಿಂದ ಬರುವ ಗೂನುಮೂಗಿನ ಗುಳಿಮಂಡಲದ ಕಡಿತ ಬೇರೆಯೇ ಕಥೆ. ಅಲ್ಲೂ ನಳಿಕೆಯಲ್ಲಿ ಹೆಪ್ಪುಗಟ್ಟದೆ ಇರಬಹುದು, ಆದರೆ ನಮ್ಮ ಎ.ಎಸ್.ವಿ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾತ್ರ. ಮೊಬೈಲ್‌ನಲ್ಲಿ ಹಾವಿನ ಚಿತ್ರವಿಲ್ಲದಿದ್ದಾಗ ಇದನ್ನು ಗುರುತಿಸಲು ನನ್ನದೇ ಒಂದು ಉಪಾಯವಿದೆ. ಇನ್ನಷ್ಟು ರೋಗಿಗಳನ್ನು ನೋಡುವವರೆಗೆ ಅದನ್ನು ಬರೆಯುವುದಿಲ್ಲ.

ಹಾವಿನ ವಿಷಕ್ಕೆಂದು ಪ್ರಯೋಗದಲ್ಲಿರುವ ವ್ಯಾರೆಸ್ಪ್ಲಾಡಿಬ್ ಮಾತ್ರೆಯ ಬಗ್ಗೆ ಕಿರಿಯ ವೈದ್ಯರು ಉತ್ಸಾಹದಿಂದ ಕೇಳುತ್ತಾರೆ. ಅದು ತಡೆಯುವುದು ವಿಷದಲ್ಲಿನ ಫಾಸ್ಫೋಲಿಪೇಸ್ ಎ2 ಎಂಬ ಕಿಣ್ವವನ್ನು. ಹತ್ತನೆಯ ಅಂಶವನ್ನು ಕೆರಳಿಸುವುದು ಲೋಹಪ್ರೋಟಿಯೇಸ್ ಎಂಬ ಇನ್ನೊಂದು ಕಿಣ್ವ. ಅದನ್ನು ತಡೆಯಲು ಮರಿಮಸ್ಟಾಟ್‌ನಂಥ ಔಷಧ ಜೊತೆಗೂಡಬೇಕು. ಆ ಜೋಡಿ ಮಾತ್ರೆ ಔಷಧಾಲಯಕ್ಕೆ ಬರುವವರೆಗೆ ನನ್ನ ಖರೀದಿ ಪಟ್ಟಿಯಲ್ಲಿ ಮೊದಲು ಎ.ಎಸ್.ವಿ., ಅದರ ಕೆಳಗೆ ಹೊಸ ಗಾಜಿನ ನಳಿಕೆ.