ಗಾಳಿಯಿಲ್ಲದ ಚಂದ್ರನ ಸುತ್ತ ಸೋಡಿಯಂ ಹರಡುವುದು ಹೇಗೆ?

ಚಂದ್ರನಲ್ಲಿ ಗಾಳಿಯಿಲ್ಲ ಎಂದು ಶಾಲೆಯಲ್ಲಿ ಕಲಿತದ್ದು ಉಸಿರಾಟದ ಮಟ್ಟಿಗೆ ನಿಜ. ಆದರೆ ಅಲ್ಲಿ ಏನೂ ಇಲ್ಲವೆಂದಲ್ಲ. 1988ರಲ್ಲಿ ಆಂಡ್ರ್ಯೂ ಪಾಟರ್ ಮತ್ತು ಥಾಮಸ್ ಮಾರ್ಗನ್ ಎಂಬ ಅಮೆರಿಕದ ವಿಜ್ಞಾನಿಗಳು ಟೆಕ್ಸಾಸ್‌ನ ಮೆಕ್‌ಡೊನಾಲ್ಡ್ ವೀಕ್ಷಣಾಲಯದಿಂದ ಚಂದ್ರನ ಅಂಚಿನಾಚೆಯ ಬೆಳಕನ್ನು ಪರೀಕ್ಷಿಸಿದಾಗ ಸೋಡಿಯಂ, ಪೊಟ್ಯಾಸಿಯಂ ಎರಡೂ ಸಿಕ್ಕವು. ನೆಲದ ಹತ್ತಿರ ಒಂದು ಘನ ಸೆಂಟಿಮೀಟರ್ ಜಾಗದಲ್ಲಿ ಸುಮಾರು 70 ಸೋಡಿಯಂ ಪರಮಾಣುಗಳು, ಅಷ್ಟೆ. ನಮ್ಮ ಗಾಳಿಯಲ್ಲಿ ಅಷ್ಟೇ ಜಾಗದಲ್ಲಿರುವ ಅಣುಗಳ ಲೆಕ್ಕ ಬರೆಯಲು 20 ಅಂಕಿ ಬೇಕು.

ಚಂದ್ರನ ಸುತ್ತ ಹೀಲಿಯಂ, ನಿಯಾನ್, ಆರ್ಗಾನ್ ಇದಕ್ಕಿಂತ ಹೆಚ್ಚಿವೆ. ಆದರೂ ಭೂಮಿಯ ದೂರದರ್ಶಕಗಳ ಕಣ್ಣಿಗೆ ಸೋಡಿಯಂ ಮೊದಲು ಬಿತ್ತು, ಏಕೆಂದರೆ ಬಿಸಿಲಿನಲ್ಲಿರುವ 589 ನ್ಯಾನೊಮೀಟರ್‌ನ ಹಳದಿ ಬೆಳಕನ್ನು ಅದು ಹೀರಿ ಮತ್ತೆ ಚೆಲ್ಲುವಷ್ಟು ಚೆನ್ನಾಗಿ ಆ ಅನಿಲಗಳು ಬಿಸಿಲನ್ನು ಚೆಲ್ಲುವುದಿಲ್ಲ.

ಈ ಹೊದಿಕೆ ಹಳೆಯದಲ್ಲ ಎಂಬುದೇ ಇದರಲ್ಲಿ ನನಗೆ ಅತ್ಯಂತ ಸೋಜಿಗದ ಸಂಗತಿ. ಬಿಸಿಲಿಗೆ ಸಿಕ್ಕ ಸೋಡಿಯಂ ಪರಮಾಣು ಸುಮಾರು ಎರಡು ದಿನಗಳಲ್ಲಿ ಎಲೆಕ್ಟ್ರಾನ್ ಕಳೆದುಕೊಂಡು ಅಯಾನು ಆಗಿಬಿಡುತ್ತದೆ. ಆಮೇಲೆ ಸೌರಮಾರುತ, ಎಂದರೆ ಸೂರ್ಯನಿಂದ ಸದಾ ಹೊಮ್ಮುವ ವಿದ್ಯುದಾವೇಶದ ಕಣಗಳ ಹರಿವು, ಅದನ್ನು ಎಳೆದೊಯ್ಯುತ್ತದೆ. ಪೂರೈಕೆ ನಿಂತರೆ ಕೆಲವೇ ದಿನಗಳಲ್ಲಿ ಎಲ್ಲವೂ ಖಾಲಿ. ಹಾಗಾಗಿ ದಿನವೂ ಹೊಸದಾಗಿ ತಯಾರಾಗುತ್ತಲೇ ಇರಬೇಕು. ಆ ತಯಾರಿಕೆಯನ್ನು ಹಂತಹಂತವಾಗಿ ನೋಡೋಣ.

ಹಂತ 1: ಕಲ್ಲಿನಿಂದ ಬಿಡಿಸುವುದು

ಚಂದ್ರನ ಮಣ್ಣಿನಲ್ಲಿ ಸೋಡಿಯಂ ಇರುವುದು ನೂರಕ್ಕೆ ಒಂದು ಪಾಲಿಗಿಂತ ಕಡಿಮೆ, ಅದೂ ಖನಿಜಗಳ ಒಳಗೆ ಬಿಗಿಯಾಗಿ ಸೇರಿಕೊಂಡು. ಅದನ್ನು ಬಿಡಿಸುವ ಮುಖ್ಯ ಕೆಲಸ ಸೂಕ್ಷ್ಮ ಉಲ್ಕೆಗಳದ್ದು. ಭೂಮಿಯಲ್ಲಾದರೆ ಗಾಳಿಯಲ್ಲೇ ಉರಿದುಹೋಗುವ ಧೂಳಿನ ಕಣಗಳು ಅಲ್ಲಿ ತಡೆಯಿಲ್ಲದೆ, ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯುತ್ತವೆ. ಬಡಿದ ಜಾಗ ಕ್ಷಣಮಾತ್ರ ಸಾವಿರಾರು ಡಿಗ್ರಿಗೆ ಕಾಯುತ್ತದೆ, ಕಲ್ಲೇ ಆವಿಯಾಗುತ್ತದೆ. ನಾಸಾದ ಲ್ಯಾಡೀ ನೌಕೆ 2013ರ ಡಿಸೆಂಬರ್‌ನಲ್ಲಿ ಜೆಮಿನಿಡ್ ಉಲ್ಕಾವರ್ಷದ ಹೊತ್ತಿಗೆ ಚಂದ್ರನ ಸುತ್ತ ಪೊಟ್ಯಾಸಿಯಂ ಏರಿದ್ದನ್ನು ಅಳೆದಿತ್ತು.

ಎರಡನೆಯ ಕೆಲಸಗಾರ ಸೌರಮಾರುತ. ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದಲ್ಲಿ ಬರುವ ಪ್ರೋಟಾನ್‌ಗಳು ಕಲ್ಲಿನ ಮೇಲ್ಮೈಯಿಂದ ಪರಮಾಣುಗಳನ್ನು ಕಿತ್ತು ಹಾರಿಸುತ್ತವೆ.

ಹಂತ 2: ಮೇಲೆ ಕೂತದ್ದನ್ನು ಬೆಳಕು ಎಬ್ಬಿಸುವುದು

ಹೀಗೆ ಬಿಡುಗಡೆಯಾದ ಸೋಡಿಯಂ ಬಹುಪಾಲು ಮತ್ತೆ ನೆಲಕ್ಕೇ ಬೀಳುತ್ತದೆ. ಈ ಸಲ ಖನಿಜದ ಒಳಗಲ್ಲ, ಮಣ್ಣಿನ ಕಣಗಳ ಮೇಲೆ ಸಡಿಲವಾಗಿ ಅಂಟಿಕೊಳ್ಳುತ್ತದೆ. ಸೂರ್ಯನ ನೇರಳಾತೀತ ಬೆಳಕು ತಗುಲಿದರೆ ಸಾಕು, ಅಂಟು ಬಿಟ್ಟು ಮೇಲೇಳುತ್ತದೆ.

ಇಲ್ಲಿ ನಮ್ಮವರ ಕೆಲಸವಿದೆ. ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ತಯಾರಾದ 'ಕ್ಲಾಸ್' ಎಂಬ ಎಕ್ಸ್-ರೇ ಉಪಕರಣ ಚಂದ್ರಯಾನ-2ರ ಕಕ್ಷಾನೌಕೆಯಲ್ಲಿದೆ. ಚಂದ್ರನ ಮೇಲಿನ ಸೋಡಿಯಂನ ಮೊದಲ ವ್ಯಾಪಕ ನಕ್ಷೆ ಅದರ ಮಾಪನಗಳಿಂದಲೇ ಸಿದ್ಧವಾಗಿ 2022ರಲ್ಲಿ ಪ್ರಕಟವಾಯಿತು. ಸೋಡಿಯಂನ ಒಂದು ಪಾಲು ಕಣಗಳ ಮೇಲೆ ತೆಳು ಪದರವಾಗಿ ಸಡಿಲವಾಗಿ ಕೂತಿರಬಹುದು ಎಂಬ ಸುಳಿವು ಅದರಲ್ಲಿತ್ತು.

ಹಂತ 3: ಜಿಗಿತ

ಮೇಲೆದ್ದ ಪರಮಾಣುವಿಗೆ ದಾರಿಯಲ್ಲಿ ಡಿಕ್ಕಿ ಹೊಡೆಯಲು ಮತ್ತೊಂದು ಪರಮಾಣು ಸಿಗುವುದೇ ಅಪರೂಪ. ಕವಣೆಯಿಂದ ಬೀಸಿದ ಕಲ್ಲಿನಂತೆ ತನ್ನ ಪಾಡಿಗೆ ಬಾಗಿದ ದಾರಿಯಲ್ಲಿ ಹೋಗಿ ಬೀಳುತ್ತದೆ. ವೇಗ ಸೆಕೆಂಡಿಗೆ 2.38 ಕಿ.ಮೀ. ದಾಟಿದರೆ ಮಾತ್ರ ಚಂದ್ರನ ಹಿಡಿತ ತಪ್ಪುತ್ತದೆ. ಬೆಳಕು ಎಬ್ಬಿಸಿದವುಗಳಲ್ಲಿ ಹೆಚ್ಚಿನವು ಅಷ್ಟು ವೇಗ ಪಡೆಯದೆ ಹಿಂದಿರುಗಿ, ಅಂಟಿ, ಮತ್ತೆ ಏಳುತ್ತವೆ. ಪರಮಾಣುಗಳು ಒಂದಕ್ಕೊಂದು ತಾಗದ ಇಂಥ ವಾತಾವರಣಕ್ಕೆ ಬಾಹ್ಯಗೋಳ ಎನ್ನುತ್ತಾರೆ.

ಹಂತ 4: ಬಾಲ

ತಪ್ಪಿಸಿಕೊಂಡ ಸೋಡಿಯಂ ಅನ್ನು ಬಿಸಿಲಿನ ಒತ್ತಡವೇ ಸೂರ್ಯನಿಗೆ ವಿರುದ್ಧ ದಿಕ್ಕಿಗೆ ತಳ್ಳಿ, ಧೂಮಕೇತುವಿನದರಂಥ ಬಾಲ ಮಾಡುತ್ತದೆ. ಅಮಾವಾಸ್ಯೆಯ ಸುಮಾರಿಗೆ ಆ ಬಾಲ ಭೂಮಿಯ ಮೇಲೆಯೇ ಹಾಯುತ್ತದೆ. ಭೂಮಿಯ ಗುರುತ್ವ ಅದನ್ನು ಒಟ್ಟುಗೂಡಿಸಿ, ರಾತ್ರಿಯ ಆಕಾಶದಲ್ಲಿ ಸೂರ್ಯನಿಗೆ ನೇರ ಎದುರಿನ ದಿಕ್ಕಿನಲ್ಲಿ ಸುಮಾರು 3 ಡಿಗ್ರಿ ಅಗಲದ ಮಚ್ಚೆಯಾಗಿ ಕಾಣಿಸುತ್ತದೆ. ಬರಿಗಣ್ಣಿಗಲ್ಲ, ಸೋಡಿಯಂ ಬೆಳಕನ್ನಷ್ಟೇ ಬಿಡುವ ಫಿಲ್ಟರ್ ಹಾಕಿದ ಸೂಕ್ಷ್ಮ ಕ್ಯಾಮೆರಾಕ್ಕೆ. 1998ರ ನವೆಂಬರ್‌ನಲ್ಲಿ, ಲಿಯೊನಿಡ್ ಉಲ್ಕಾವರ್ಷದ ಬೆನ್ನಿಗೇ, ಬಾಸ್ಟನ್ ವಿಶ್ವವಿದ್ಯಾಲಯದ ತಂಡ ಇದನ್ನು ಮೊದಲು ಕಂಡಿತು.

ಯಾರ ಪಾಲು ಎಷ್ಟು?

ಓದುಗರು ಗೊಂದಲಕ್ಕೆ ಬೀಳುವುದು ಇಲ್ಲಿ. 1993ರ ನವೆಂಬರ್ 29ರ ಚಂದ್ರಗ್ರಹಣದಲ್ಲಿ ಬಾಸ್ಟನ್ ತಂಡವೇ ಸೋಡಿಯಂ ಅನ್ನು ಅಳೆದಿತ್ತು. ಹುಣ್ಣಿಮೆಯ ಆಸುಪಾಸಿನಲ್ಲಿ ಚಂದ್ರ ಭೂಮಿಯ ಕಾಂತಬಾಲದೊಳಗೆ (ಸೂರ್ಯನಿಗೆ ವಿರುದ್ಧ ದಿಕ್ಕಿಗೆ ಚಾಚಿಕೊಂಡ ಭೂಮಿಯ ಕಾಂತಕ್ಷೇತ್ರ) ಹೋಗುವುದರಿಂದ ಸೌರಮಾರುತ ಅದಕ್ಕೆ ನೇರವಾಗಿ ತಾಗುವುದಿಲ್ಲ. ಆಗಲೂ ಸೋಡಿಯಂ ಇತ್ತು. ಆದ್ದರಿಂದ ಬೆಳಕೇ ಮುಖ್ಯ ಎಂದು ಅವರು ವಾದಿಸಿದರು. 2024ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ನಿಕೋಲ್ ನೀ ನೇತೃತ್ವದ ತಂಡ ಅಪೊಲೊ ಯಾತ್ರಿಗಳು ತಂದ ಮಣ್ಣಿನ 10 ಮಾದರಿಗಳನ್ನು ಪರೀಕ್ಷಿಸಿತು. ಸೋಡಿಯಂಗೆ ಸ್ಥಿರ ಐಸೊಟೋಪ್ (ಒಂದೇ ಧಾತುವಿನ, ತೂಕ ಬೇರೆಯಾದ ಪರಮಾಣು ಬಗೆ) ಇರುವುದು ಒಂದೇ ಆದ್ದರಿಂದ ಹೋಲಿಕೆಗೆ ಪೊಟ್ಯಾಸಿಯಂ, ರುಬಿಡಿಯಂಗಳನ್ನು ಆರಿಸಿಕೊಂಡರು. ಹಗುರ ಐಸೊಟೋಪ್‌ಗಳು ಸುಲಭವಾಗಿ ಪಾರಾಗಿ ಭಾರದವು ಮಣ್ಣಿನಲ್ಲಿ ಉಳಿಯುತ್ತವೆ. ಉಲ್ಕೆ, ಸೌರಮಾರುತ ಎರಡೂ ಬೇರೆ ಬೇರೆ ಪ್ರಮಾಣ ಉಳಿಸುವುದರಿಂದ, ಉಳಿದ ಪ್ರಮಾಣ ನೋಡಿ ಕಾರಣ ಹೇಳಬಹುದು. ಉಲ್ಕೆಗಳ ಪಾಲು ಶೇ 70ಕ್ಕೂ ಹೆಚ್ಚು, ಉಳಿದದ್ದು ಸೌರಮಾರುತದ್ದು ಎಂಬುದು ಅವರ ಲೆಕ್ಕ.

ಇವೆರಡೂ ಒಂದನ್ನೊಂದು ಸುಳ್ಳಾಗಿಸುವುದಿಲ್ಲ ಎಂಬುದು ನನ್ನ ತಿಳಿವಳಿಕೆ. 2024ರ ಲೆಕ್ಕ ಮೊದಲ ಹಂತದ್ದು: ಕೋಟ್ಯಂತರ ವರ್ಷಗಳಲ್ಲಿ ಕಲ್ಲಿನಿಂದ ಹೊಸದಾಗಿ ಬಿಡಿಸಿಕೊಟ್ಟವರು ಯಾರು ಎಂಬುದು. ಗ್ರಹಣದ ಲೆಕ್ಕ ಎರಡನೆಯದು: ಈಗಾಗಲೇ ಬಿಡಿಯಾಗಿ ಕೂತದ್ದನ್ನು ದಿನನಿತ್ಯ ಎಬ್ಬಿಸುವವರು ಯಾರು ಎಂಬುದು. ಶೇಕಡಾವಾರು ಎಲ್ಲಿ ಓದಿದರೂ ಅದು ಯಾವ ಹಂತದ ಲೆಕ್ಕವೆಂದು ಮೊದಲು ಕೇಳಿಕೊಳ್ಳಿ.