ಫೈರ್ ಅಲಾರಂನ ಮಾತು ಕೊನೆಯವರೆಗೂ ಕೇಳಿಸಬೇಕು

ಕೋಲಾರ, ಮಾಲೂರು, ನರಸಾಪುರ ಕಡೆಯ ಫ್ಯಾಕ್ಟರಿಗಳಲ್ಲಿ ಫೈರ್ ಅಲಾರಂ ಸ್ಪೀಕರ್ ಕೂರಿಸುವುದು ನನ್ನ ಕೆಲಸ. ಮಾಲೂರಿನ ಹತ್ತಿರದ ಒಂದು ಗಾರ್ಮೆಂಟ್ಸ್‌ನಲ್ಲಿ ನಡೆದ ಫೈರ್ ಡ್ರಿಲ್, ಅಂದರೆ ಬೆಂಕಿ ಬಿದ್ದರೆ ಹೊರಗೆ ಬರುವ ಅಭ್ಯಾಸ, ಇನ್ನೂ ಕಣ್ಣ ಮುಂದಿದೆ. ಸೈರನ್ ಕೂಗಿತು, ಮಾತು ಬಂತು. ಹೊಲಿಗೆ ಹಾಲ್‌ನಿಂದ ಎದ್ದ ಹೆಣ್ಣುಮಕ್ಕಳು ಸೀದಾ ಹೋಗಿ ಲಿಫ್ಟ್ ಮುಂದೆ ನಿಂತರು. ಯಾಕಮ್ಮ ಇಲ್ಲಿ ಅಂತ ಕೇಳಿದೆ. ‘ಲಿಫ್ಟ್ ಅಂತ ಕೇಳಿಸ್ತಣ್ಣ, ಅದಕ್ಕೇ ಬಂದ್ವಿ’ ಅಂದರು ಒಬ್ಬರು.

ಸ್ಪೀಕರ್ ಹೇಳಿದ್ದು ‘ಲಿಫ್ಟನ್ನು ಉಪಯೋಗಿಸಬೇಡಿ’ ಅಂತ. ಕನ್ನಡದಲ್ಲಿ ‘ಬೇಡಿ’ ಬರುವುದು ಕೊನೆಯಲ್ಲಿ. ಮಾತಾಡುವಾಗ ವಾಕ್ಯದ ಕೊನೆಗೆ ದನಿ ಇಳಿಯುತ್ತದೆ. ಆ ಹಾಲ್‌ಗೆ ಶೀಟಿನ ಚಾವಣಿ, ಗ್ರಾನೈಟ್ ನೆಲ. ಹಿಂದಿನ ಪದದ ಪ್ರತಿಧ್ವನಿ ಬಂದು ಇಳಿದ ದನಿಯನ್ನು ನುಂಗಿಬಿಟ್ಟಿತು. ಉಳಿದದ್ದು ಲಿಫ್ಟ್ ಮಾತ್ರ.

ಅವತ್ತಿನಿಂದ ನಾನು ಮೊದಲು ತಿದ್ದುವುದು ವಾಕ್ಯವನ್ನು. ಏನು ಮಾಡಬಾರದು ಅಂತ ಹೇಳುವುದನ್ನೇ ಬಿಡಿ. ಲಿಫ್ಟ್ ಬಳಸಬೇಡಿ ಅನ್ನುವ ಬೋರ್ಡನ್ನು ಲಿಫ್ಟ್ ಬಾಗಿಲ ಪಕ್ಕ ಹಾಕಿ, ಸ್ಪೀಕರ್‌ನಲ್ಲಿ ಬೇಡ. ಹೀಗಿದ್ದರೆ ಸಾಕು: ‘ಬೆಂಕಿ! ಬೆಂಕಿ! ಮೆಟ್ಟಿಲಲ್ಲಿ ಇಳಿಯಿರಿ. ಗೇಟಿನ ಹತ್ತಿರ ಬನ್ನಿ.’ ‘ಅಗ್ನಿ ಅನಾಹುತ’, ‘ನಿರ್ಗಮನ ದ್ವಾರ’ ಅಂತೆಲ್ಲ ಬರೆದುಕೊಟ್ಟರೆ ನಾನು ಒಪ್ಪುವುದಿಲ್ಲ. ಬೆಂಕಿ ಕಂಡವರು ಯಾರೂ ಅಗ್ನಿ ಅಂತ ಕೂಗುವುದಿಲ್ಲ, ಅಲ್ವಾ?

ರೆಕಾರ್ಡಿಂಗ್‌ಗೆ ಸದ್ದಿಲ್ಲದ ಸಣ್ಣ ಕೋಣೆ ಬೇಕು. ಗೋಡೆಗೆ ಕಂಬಳಿ ಇಳಿಬಿಟ್ಟರೂ ಆಗುತ್ತದೆ. ನಿಧಾನವಾಗಿ ಓದಿಸಿ, ಕೊನೆಯ ಅಕ್ಷರದವರೆಗೂ ದನಿ ಇಳಿಸಬಾರದು ಅಂತ ಹೇಳಿ. ಒಂದೊಂದು ವಾಕ್ಯದ ನಡುವೆ ಪ್ರತಿಧ್ವನಿ ಅಡಗುವಷ್ಟು ಬಿಡುವು ಕೊಡಿ. ಮಾತು ಬರುವಾಗ ಸೈರನ್ ಪೂರ್ತಿ ನಿಲ್ಲಬೇಕು.

ನಮ್ಮ ಕಡೆ ಒಂದೇ ಸಾಲಿನ ಮೆಷಿನ್‌ಗಳಲ್ಲಿ ಕನ್ನಡ, ತೆಲುಗು, ಹಿಂದಿ ಮೂರೂ ಇರುತ್ತವೆ. ಒಂದು ಭಾಷೆಯಲ್ಲಿ ಪೂರ್ತಿ ಹೇಳಿ ಮುಗಿಸಿ, ಆಮೇಲೆ ಇನ್ನೊಂದು. ವಾಕ್ಯಕ್ಕೊಂದು ಭಾಷೆ ಬದಲಾದರೆ ಯಾರಿಗೂ ತಲೆಬುಡ ತಿಳಿಯುವುದಿಲ್ಲ.

ಇನ್ನು ಸ್ಪೀಕರ್. ಕೇಳಿಸುತ್ತಿಲ್ಲ ಅಂದ ಕೂಡಲೇ ವಾಲ್ಯೂಮ್ ಏರಿಸಲು ಹೋಗುತ್ತಾರೆ. ವಾಟ್ ಎರಡರಷ್ಟು ಮಾಡಿದರೂ ಸದ್ದು ಏರುವುದು 3 ಡೆಸಿಬೆಲ್ ಮಾತ್ರ, ಜೊತೆಗೆ ಪ್ರತಿಧ್ವನಿಯೂ ಅಷ್ಟೇ ಏರುತ್ತದೆ. ಮೂಲೆಯಲ್ಲಿ ಎರಡು ದೊಡ್ಡ ಹಾರ್ನ್ ಬದಲು ಸಣ್ಣ ಸ್ಪೀಕರ್‌ಗಳನ್ನು ಜಾಸ್ತಿ ಹಾಕಿ, ಕೆಲಸಗಾರರ ಹತ್ತಿರಕ್ಕೆ ತನ್ನಿ, ಒಂದೊಂದನ್ನೂ ಕಮ್ಮಿ ವಾಟ್‌ನಲ್ಲಿ ಬಿಡಿ. ವೈರ್ ಜಾಸ್ತಿ ಖರ್ಚಾಗುತ್ತದೆ, ನಿಜ. ಮಾಲೀಕರ ಜೊತೆ ಈ ವಿಷಯಕ್ಕೆ ನಾನು ಎಷ್ಟು ಹೊತ್ತಾದರೂ ಕೂತು ಮಾತಾಡುತ್ತೇನೆ.

ಮಾತು ಎಷ್ಟು ಸ್ಪಷ್ಟ ಅನ್ನುವುದನ್ನು ಅಳೆಯಲು ಎಸ್‌ಟಿಐ ಅನ್ನುವ ಲೆಕ್ಕವಿದೆ, 0ಯಿಂದ 1ರವರೆಗೆ. ಸರಾಸರಿ 0.5 ಆದರೂ ಬರಬೇಕು. ಮೀಟರ್ ಹಿಡಿದು ಖಾಲಿ ಹಾಲ್‌ನಲ್ಲಿ ಓಡಾಡಿದರೆ ಸುಮ್ನೆ. ಮೆಷಿನ್, ಫ್ಯಾನ್ ಎಲ್ಲ ಓಡುತ್ತಿರುವಾಗ ನೋಡಿ. ಮೀಟರ್ ಆದಮೇಲೆ ಮನುಷ್ಯರನ್ನು ಕೇಳಿ. ‘ಕೇಳಿಸ್ತಾ?’ ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. ‘ಏನು ಹೇಳಿತು, ನೀವೇ ಹೇಳಿ’ ಅನ್ನಿ.

ಆ ಗಾರ್ಮೆಂಟ್ಸ್‌ನಲ್ಲಿ ಎಲ್ಲ ಬದಲಿಸಿದ ಮೇಲೆ ಹಾಗೇ ಕೇಳಿದೆ. ಹೊಲಿಗೆಯವರು ಪದ ಬಿಡದೆ ಒಪ್ಪಿಸಿದರು. ಇಸ್ತ್ರಿ ಸೆಕ್ಷನ್ನಿನವರಿಗೆ ಮಾತ್ರ ಸ್ಟೀಮ್ ಸದ್ದಿನಲ್ಲಿ ‘ಇಳಿಯಿರಿ’ ಸಿಕ್ಕಿರಲಿಲ್ಲ. ಅವರ ಟೇಬಲ್ ಮೇಲಕ್ಕೆ ಇನ್ನೆರಡು ಸ್ಪೀಕರ್ ಇಳಿಸಿ, ಸ್ಟೀಮ್ ಸದ್ದು ಇರುವಾಗಲೇ ಮತ್ತೆ ಅವರನ್ನೇ ಕೇಳಿದೆ.