ಕಾರಂಜಿಯ ಪಂಪು ನಿಂತರೆ ಕೂಡಲೇ ಹೊಸದನ್ನು ತರಬೇಡಿ

ಕಳೆದ ವಾರ ಬೆಂಗಳೂರಿನಿಂದ ಸೊಸೆ ಫೋನ್ ಮಾಡಿ, "ಅತ್ತೆ, ಕೈತೋಟದ ಕಾರಂಜಿಯ ಪಂಪು ಕೆಟ್ಟುಹೋಗಿದೆ, ಹೊಸದನ್ನು ತರಿಸುತ್ತಿದ್ದೇನೆ" ಎಂದಳು. "ತರಿಸುವ ಮೊದಲು ಸ್ವಿಚ್ ಹಾಕಿ, ನೀರಿಗೆ ಕೈ ಸೋಕಿಸದೆ ಹತ್ತಿರ ನಿಂತು ಕೇಳಮ್ಮ, ಗುಂಯ್ ಎಂಬ ಸದ್ದು ಬರುತ್ತಿದೆಯೇ?" ಎಂದು ಕೇಳಿದೆ. ಬರುತ್ತಿತ್ತು. ಹಾಗಾದರೆ ಪಂಪು ಸತ್ತಿಲ್ಲ, ಸಿಕ್ಕಿಕೊಂಡಿದೆ ಅಷ್ಟೇ. ಅರ್ಧ ಗಂಟೆಯ ನಂತರ ಅದರೊಳಗಿಂದ ಕಡಲೆಬೇಳೆ ಗಾತ್ರದ ಒಂದು ಬಸವನಹುಳು ಹೊರಬಂದಿತು, ಕಾರಂಜಿ ಮತ್ತೆ ಚಿಮ್ಮಿತು.

ಮೈಸೂರಿನ ನಮ್ಮ ಮನೆಯ ಹಿತ್ತಿಲಿನಲ್ಲಿ ಹಳೆಯ ಕಾಲದ ಕಲ್ಲುಬಾನಿಯೊಂದಿದೆ. ಅದರಲ್ಲಿ ಎರಡು ನೈದಿಲೆ ಗಿಡ, ಒಂದಷ್ಟು ಗಪ್ಪಿ ಮೀನು. ಬಾನಿಯ ಬದಿಯ ಕಟ್ಟೆಯ ಮೇಲಿಟ್ಟ ಮಣ್ಣಿನ ಮಡಕೆಯಿಂದ ನೀರು ಬೀಳುತ್ತಿರುತ್ತದೆ. ಹದಿನೈದು ವರ್ಷಗಳಲ್ಲಿ ನಾಲ್ಕು ಪಂಪು ಬದಲಿಸಿದ್ದೇನೆ. ಅವುಗಳಲ್ಲಿ ಎರಡನ್ನು ಬದಲಿಸುವ ಅಗತ್ಯವೇ ಇರಲಿಲ್ಲ ಎಂಬುದು ಈಗ ತಿಳಿಯುತ್ತಿದೆ.

ಪಂಪನ್ನು ಮುಟ್ಟುವ ಮೊದಲು ಪ್ಲಗ್ ಕಿತ್ತುಬಿಡಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಣ್ಣಿಗೆ ಕಾಣುವಂತೆ ಹೊರಗಿರಬೇಕು. ಹಳೆಯ ಮನೆಗಳಲ್ಲಿ ಸ್ವಿಚ್ಚನ್ನು ತಪ್ಪಾಗಿ ನ್ಯೂಟ್ರಲ್ ತಂತಿಗೆ ಹಾಕಿರುವುದುಂಟು. ಆಗ ಆರಿಸಿದರೂ ಪಂಪಿನವರೆಗೆ ವಿದ್ಯುತ್ ಬಂದು ನಿಂತಿರುತ್ತದೆ. ಸದ್ದೇ ಇಲ್ಲದಿದ್ದರೆ ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಮಳೆನೀರು ಇಳಿದು ಸಾಕೆಟ್ಟೇ ಕೆಟ್ಟಿರಬಹುದು. ಪಂಪು ಹಾಕಿದ ಕೂಡಲೇ ಮನೆಯ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನಾಗಿಯೇ ಕರೆಂಟು ಕಡಿಯುವ ಸ್ವಿಚ್) ಬಿದ್ದುಹೋದರೆ ಮಾತ್ರ ಆ ಪಂಪಿನ ಆಸೆ ಬಿಡಿ. ವೈರಿನಲ್ಲೋ ಹೊರಕವಚದಲ್ಲೋ ಬಿರುಕು ಬಿಟ್ಟಿದೆ ಎಂದು ಅರ್ಥ. ಟೇಪು ಸುತ್ತಿ, ಎಂಸೀಲ್ ಮೆತ್ತಿ ಅದನ್ನು ಮತ್ತೆ ನೀರಿಗಿಳಿಸುವುದು ಬೇಡವೇ ಬೇಡ. ಮಕ್ಕಳು ಕೈಯಾಡಿಸುವ ನೀರು ಅದು.

ಈ ಪುಟ್ಟ ಪಂಪುಗಳ ಒಳಗೆ ಇರುವುದು ತೀರ ಸರಳ. ತಾಮ್ರದ ಸುರುಳಿಯನ್ನು ಎಪಾಕ್ಸಿಯಲ್ಲಿ ಹೂತು ಮುಚ್ಚಿರುತ್ತಾರೆ, ನೀರು ಅದನ್ನು ಮುಟ್ಟುವುದಿಲ್ಲ. ನೀರಿನಲ್ಲಿ ತಿರುಗುವುದು ಒಂದು ಅಯಸ್ಕಾಂತ ಮತ್ತು ಅದರ ತುದಿಗೆ ಕೂಡಿಸಿದ ರೆಕ್ಕೆ. ಎರಡನ್ನೂ ಸೇರಿಸಿ ರೋಟರ್ ಎನ್ನುತ್ತಾರೆ. ಮುಂದಿನ ಮುಚ್ಚಳವನ್ನು ತೆಗೆದು ರೋಟರನ್ನು ನೇರವಾಗಿ ಎಳೆಯಿರಿ. ಅಯಸ್ಕಾಂತವಾದ್ದರಿಂದ ಸ್ವಲ್ಪ ಬಿಗಿ ಹಿಡಿಯುತ್ತದೆ, ಆಮೇಲೆ ಬಂದುಬಿಡುತ್ತದೆ. ಓರೆಯಾಗಿ ಎಳೆದರೆ ನಡುವಿನ ಸೆರಾಮಿಕ್ ಕಡ್ಡಿ ಬಳಪದ ಹಾಗೆ ಮುರಿಯುತ್ತದೆ. ಒಳಗೆ ತಲೆಗೂದಲು, ನೈದಿಲೆಯ ಬೇರಿನ ನಾರು, ಮರಳು, ಪಾಚಿ ಏನಿದ್ದರೂ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಿರಿ. ಬಿಳಿಯ ಸುಣ್ಣದ ಪದರ ಕಟ್ಟಿದ್ದರೆ ವಿನೆಗರಿಗೆ ಅಷ್ಟೇ ನೀರು ಬೆರೆಸಿ ರೋಟರ್ ಮತ್ತು ಮುಚ್ಚಳವನ್ನು ಒಂದು ಗಂಟೆ ನೆನೆಸಿಡಿ, ನಿಂಬೆರಸವೂ ನಡೆಯುತ್ತದೆ. ಪಾತ್ರೆಗೆಂದು ಬಳಸುವ ಹುಣಸೆಹುಳಿ ಇಲ್ಲಿ ಬೇಡ, ಅದರ ನಾರು ಹೋಗಿ ಮತ್ತೆ ಅದೇ ಸಂದಿಯಲ್ಲಿ ಕುಳಿತುಕೊಳ್ಳುತ್ತದೆ. ಮೀನಿದ್ದರೆ ಸಾಬೂನನ್ನೂ ಹತ್ತಿರ ತರಬೇಡಿ. ಜೋಡಿಸಿದ ಮೇಲೆ ಬಕೆಟ್ ನೀರಿನಲ್ಲಿ ಮುಳುಗಿಸಿ ಪರೀಕ್ಷಿಸಿ. ಕೈಯಲ್ಲಿ ಹಿಡಿದು ಒಣದಾಗಿ ಓಡಿಸಬೇಡಿ.

ಇಷ್ಟಾದರೂ ತಿರುಗದಿದ್ದರೆ, ಕವಚ ಊದಿದ್ದರೆ, ಸುಟ್ಟ ವಾಸನೆ ಬರುತ್ತಿದ್ದರೆ ಹೊಸ ಪಂಪು ಬೇಕು. ಆದರೆ ಹಳೆಯದು ಏಕೆ ಸುಟ್ಟಿತು ಎಂದು ತಿಳಿಯದೆ ಹೊಸದನ್ನು ಅದೇ ಜಾಗದಲ್ಲಿ ಕೂರಿಸಬೇಡಿ. ನಮ್ಮ ಮೂರನೆಯ ಪಂಪು ಹೋದದ್ದು ಒಂದು ಏಪ್ರಿಲ್‌ನಲ್ಲಿ. ಹಾಸನದ ಕಡೆ ಮದುವೆಗೆಂದು ಹತ್ತು ದಿನ ಹೋಗಿದ್ದೆವು, ಪಂಪು ಓಡುತ್ತಲೇ ಇತ್ತು. ಬಿಸಿಲಿಗೆ ಆರಿ, ಗಾಳಿಗೆ ಸಿಡಿದು ಬಾನಿಯ ನೀರು ಪಂಪಿನ ಬಾಯಿಗಿಂತ ಕೆಳಗಿಳಿದಿತ್ತು. ಪಂಪನ್ನು ತಣ್ಣಗಿಡುವುದೇ ಸುತ್ತಲಿನ ನೀರು, ಅದಿಲ್ಲದಿದ್ದರೆ ಸುಡದೆ ಇನ್ನೇನು? ಬಂದು ನೋಡಿದಾಗ ತಳದಲ್ಲಿ ಉಳಿದಿದ್ದ ಬಿಸಿನೀರಿನಲ್ಲಿ ಮೀನುಗಳು ಸತ್ತು ತೇಲುತ್ತಿದ್ದವು. ಅವನ್ನು ನೋಡಿದ ಸಂಕಟ ಇನ್ನೂ ಹೋಗಿಲ್ಲ. ಅಂದಿನಿಂದ ಊರಿಗೆ ಹೊರಡುವಾಗ ಗ್ಯಾಸ್ ಸಿಲಿಂಡರ್ ಮುಚ್ಚುವ ಹಾಗೆಯೇ ಪಂಪಿನ ಪ್ಲಗ್ಗನ್ನೂ ಕಿತ್ತಿಡುತ್ತೇನೆ.

ಇನ್ನು ಕೊಳ್ಳುವ ಮಾತು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುವ 'ಗಂಟೆಗೆ ಇಷ್ಟು ಲೀಟರ್' ಎಂಬ ಅಂಕಿಗೆ ಮರುಳಾಗಬೇಡಿ. ಅದು ನೀರನ್ನು ಮೇಲಕ್ಕೆ ಎತ್ತದೆ ಇದ್ದಾಗಿನ ಲೆಕ್ಕ. ಪಕ್ಕದಲ್ಲಿ ಚಿಕ್ಕದಾಗಿ 'ಹೆಡ್' ಎಂದು ಬರೆದಿರುತ್ತಾರೆ. ಪಂಪು ನೀರನ್ನು ಎತ್ತಬಲ್ಲ ಕೊನೆಯ ಎತ್ತರ ಅದು, ಅಲ್ಲಿಗೆ ತಲುಪಿದಾಗ ಹರಿವು ಸೊನ್ನೆ. ತೊಟ್ಟಿಯ ನೀರಿನ ಮಟ್ಟದಿಂದ ನೀರು ಹೊರಬೀಳುವ ಬಾಯಿಯವರೆಗೆ ಟೇಪು ಹಿಡಿದು ಅಳೆಯಿರಿ. ಪಂಪು ಎಷ್ಟು ಆಳದಲ್ಲಿ ಕುಳಿತಿದೆ ಎಂಬುದು ಈ ಲೆಕ್ಕಕ್ಕೆ ಬರುವುದಿಲ್ಲ. ನಮ್ಮಲ್ಲಿ ಆ ಎತ್ತರ 1 ಮೀಟರ್, ಹಾಗಾಗಿ 2 ಮೀಟರ್ ಹೆಡ್ ಇರುವುದನ್ನು ತಂದೆ. ಎಷ್ಟು ನೀರು ಬೀಳುತ್ತಿದೆ ಎಂದು ತಿಳಿಯಲು 10 ಲೀಟರ್ ಬಕೆಟ್ ಹಿಡಿದರೆ ಸಾಕು. 60 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 600 ಲೀಟರ್. ಮಡಕೆಯ ಬಾಯಿಯಿಂದ ಬೀಳುವ ಧಾರೆಗೆ ಅಷ್ಟೇ ಧಾರಾಳ. ಅಗಲವಾದ ಕಲ್ಲಿನ ಮೇಲಿಂದ ಪರದೆಯಂತೆ ನೀರು ಇಳಿಯಬೇಕೆನ್ನುವವರಿಗೆ ಇದರ ಹಲವು ಪಟ್ಟು ಬೇಕಾಗುತ್ತದೆ. ಕರೆಂಟಿನ ಖರ್ಚಿಗೆ ಅಂಜಬೇಡಿ. 18 ವ್ಯಾಟ್ ಪಂಪು ದಿನಕ್ಕೆ 10 ಗಂಟೆ ಓಡಿದರೂ ತಿಂಗಳಿಗೆ 5.4 ಯೂನಿಟ್.

ವೈರಿನ ಉದ್ದವನ್ನು ಮರೆಯದೆ ಕೇಳಿ. ಏರ್ ಕೂಲರ್‌ಗೆ ಹಾಕುವ ಅಗ್ಗದ ಪಂಪನ್ನು ನಾನೂ ಒಮ್ಮೆ ತಂದಿದ್ದೆ. ವೈರು ಒಂದು ಮಾರೂ ಇರಲಿಲ್ಲ, ನೀರಿನ ಪಕ್ಕದಲ್ಲೇ ಜಾಯಿಂಟ್ ಹಾಕಬೇಕಾಯಿತು. ಅದು ತಪ್ಪು. ಪಂಪಿನಿಂದ ಪ್ಲಗ್‌ವರೆಗೆ ಒಂದೇ ವೈರು ಇರಬೇಕು. ಆ ವೈರು ಸಾಕೆಟ್ಟಿಗಿಂತ ಕೆಳಕ್ಕೆ ಒಮ್ಮೆ ಜೋತುಬಿದ್ದು ಆಮೇಲೆ ಮೇಲೇರಬೇಕು; ಆಗ ವೈರಿನ ಗುಂಟ ಬರುವ ಮಳೆಹನಿ ಕೆಳಗೇ ತೊಟ್ಟಿಕ್ಕುತ್ತದೆ, ಸಾಕೆಟ್ಟಿನೊಳಗೆ ಹೋಗುವುದಿಲ್ಲ. ಸಾಕೆಟ್ಟಿಗೆ ಮುಚ್ಚಳವಿರುವ ಪೆಟ್ಟಿಗೆ, ಆ ಸಾಲಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ. ಇವೆರಡನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿ. ಪಂಪಿನ ಬೆಲೆಗಿಂತ ಇದಕ್ಕೆ ಹೆಚ್ಚು ಖರ್ಚಾದರೂ ಹಿಂದೆಮುಂದೆ ನೋಡಬೇಡಿ.

ಹೊಸ ಪಂಪನ್ನು ತಳದ ಕೆಸರಿನಲ್ಲಿ ಇಡಬೇಡಿ, ಒಂದು ಇಟ್ಟಿಗೆಯ ಮೇಲೆ ಕೂರಿಸಿ. ತರಕಾರಿ ಇಡುವ ಸಣ್ಣ ಪ್ಲಾಸ್ಟಿಕ್ ಬುಟ್ಟಿಗೆ ಹಳೆಯ ಸೊಳ್ಳೆಪರದೆಯ ಬಟ್ಟೆ ಸುತ್ತಿ, ಪಂಪನ್ನು ಅದರೊಳಗೆ ಇಟ್ಟರೆ ಬಸವನಹುಳು, ಬೇರು, ಮರಿಮೀನು ಯಾವುದೂ ಒಳಸೇರುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಆ ಬಟ್ಟೆಯನ್ನು ಜಾಲಿಸಿದರೆ ಸಾಕು.

ತೊಟ್ಟಿಗೆ ಯಾವ ನೀರು ಎಂಬುದೂ ಮುಖ್ಯ. ಕೊಳವೆಬಾವಿಯ ಗಡಸು ನೀರಿನಿಂದಲೇ ರೋಟರಿಗೆ ಸುಣ್ಣ ಕಟ್ಟುವುದು. ಆರ್‌ಒ ಯಂತ್ರ ಹೊರಹಾಕುವ ನೀರು ಗಿಡದ ಬುಡಕ್ಕೇ ಅಷ್ಟಕ್ಕಷ್ಟೆ, ಕಾರಂಜಿಗಂತೂ ಇನ್ನೂ ಕೆಟ್ಟದ್ದು, ಏಕೆಂದರೆ ಲವಣವೆಲ್ಲ ಅದರಲ್ಲೇ ಉಳಿದಿರುತ್ತದೆ. ಚಾವಣಿಯ ಮಳೆನೀರನ್ನು ಒಂದು ಡ್ರಮ್ಮಿನಲ್ಲಿ ಹಿಡಿದು ಮುಚ್ಚಿಟ್ಟುಕೊಳ್ಳಿ, ಅದಕ್ಕಿಂತ ಮೃದುವಾದ ನೀರಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಕಾರಂಜಿಗೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದಾಗ ಸೊಸೆಯ ಮನೆಯ ಕಾರಂಜಿ ನಿಲ್ಲದೆ ನಡೆದದ್ದು ಹಾಗೆ ಹಿಡಿದಿಟ್ಟ ನೀರಿನಿಂದಲೇ.

ಹೊಸ ಪಂಪು ಬರುವವರೆಗಿನ ನಾಲ್ಕು ದಿನವನ್ನು ಹಗುರವಾಗಿ ಕಾಣಬೇಡಿ. ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆಯ ಮೊಟ್ಟೆ ಒಂದು ವಾರದಿಂದ ಹತ್ತು ದಿನದೊಳಗೆ ಹಾರುವ ಸೊಳ್ಳೆಯಾಗುತ್ತದೆ. ಗಪ್ಪಿಗಳಿದ್ದರೆ ಮರಿಹುಳುಗಳನ್ನು ತಿಂದುಹಾಕುತ್ತವೆ. ಮೀನಿಲ್ಲದ ತೊಟ್ಟಿಯನ್ನು ಖಾಲಿ ಮಾಡಿ ಒಳಗೋಡೆಯನ್ನು ಉಜ್ಜಿಬಿಡಿ, ಮೊಟ್ಟೆ ಅಂಟಿರುವುದು ಅಲ್ಲಿಯೇ. ಮೀನಿದ್ದವರು ಬೆಳಗಿನ ಜಾವ ಒಮ್ಮೆ ನೋಡಿ. ರಾತ್ರಿಯೆಲ್ಲ ಗಿಡ, ಪಾಚಿಗಳೂ ಆಮ್ಲಜನಕ ಬಳಸಿರುತ್ತವೆ, ಹಾಗಾಗಿ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ಆಗ ಅದೇ ನೀರನ್ನು ಚೊಂಬಿನಲ್ಲಿ ಮೊಗೆದು, ಕೈ ಎತ್ತರಿಸಿ, ಧಾರೆಯಾಗಿ ಇಪ್ಪತ್ತು ಮೂವತ್ತು ಸಲ ಸುರಿಯಿರಿ. ನಮ್ಮ ಮನೆಯಲ್ಲಿ ಈ ಕೆಲಸಕ್ಕೆ ಮೊಮ್ಮಗಳು ತಾನಾಗಿಯೇ ಬೇಗ ಏಳುತ್ತಾಳೆ.